ಸೂಪರ್‌ಗ್ರೂಪ್ ಮಾಡೋಕೆ ಬ್ಯಾಂಡ್ ಒಡೀಬೇಕಾ?

ಬೇರೆ ಬೇರೆ ಬ್ಯಾಂಡುಗಳಲ್ಲಿ ಆಗಲೇ ಹೆಸರು ಮಾಡಿದವರು ಸೇರಿ ಹೊಸದೊಂದು ಬ್ಯಾಂಡ್ ಕಟ್ಟಿದರೆ ಅದಕ್ಕೆ ಸೂಪರ್‌ಗ್ರೂಪ್ ಅಂತಾರೆ. ಫೆಸ್ಟ್ ಹತ್ತಿರ ಬಂದಾಗ ನಮ್ಮಲ್ಲೂ ಈ ಮಾತು ಏಳುತ್ತೆ. ಸಿಎಸ್‌ನಿಂದ ಗಿಟಾರಿಸ್ಟ್, ಮೆಕ್ಯಾನಿಕಲ್‌ನಿಂದ ಡ್ರಮ್ಮರ್, ಇಸಿಯಿಂದ ಗಾಯಕಿ; ಬೆಸ್ಟ್ ಜನರನ್ನೆಲ್ಲ ಎತ್ತಿ ಒಂದೇ ಟೀಮ್ ಮಾಡಿದರೆ ಕಪ್ ನಮ್ಮದೇ ಅಂತ. ಐಪಿಎಲ್ ಹರಾಜು ನೋಡುತ್ತಾ ಬೆಳೆದವರಿಗೆ ಹಾಗನ್ನಿಸೋದು ಸಹಜ. ಆದರೆ ಇಂಡೀ ರಾಕ್‌ನಲ್ಲಿ ನಮಗೆ ತುಂಬಾ ಇಷ್ಟವಾದ ಸೂಪರ್‌ಗ್ರೂಪ್ ಹಾಗೆ ಹುಟ್ಟಿದ್ದಲ್ಲ.

ಅದರ ಹೆಸರು ದಿ ಪೋಸ್ಟಲ್ ಸರ್ವಿಸ್. ಬೆನ್ ಗಿಬ್ಬರ್ಡ್ ಅಮೆರಿಕದ ಡೆತ್ ಕ್ಯಾಬ್ ಫಾರ್ ಕ್ಯೂಟಿ ಬ್ಯಾಂಡಿನ ಗಾಯಕ. ಜಿಮ್ಮಿ ಟ್ಯಾಂಬೊರೆಲ್ಲೊ ಡಿಂಟೆಲ್ ಅನ್ನೋ ಹೆಸರಲ್ಲಿ ಎಲೆಕ್ಟ್ರಾನಿಕ್ ಸಂಗೀತ ಮಾಡುವವನು. 2001ರ ಡಿಂಟೆಲ್ ಆಲ್ಬಮ್ಮಿನಲ್ಲಿ ಗಿಬ್ಬರ್ಡ್ ಒಂದು ಹಾಡು ಹಾಡಿದ್ದ. ಅದು ಚೆನ್ನಾಗಿ ಬಂತು, ಮುಂದುವರಿಸೋಣ ಅಂದುಕೊಂಡರು. ಒಬ್ಬ ಲಾಸ್ ಏಂಜಲೀಸ್‌ನಲ್ಲಿ, ಇನ್ನೊಬ್ಬ ಸಿಯಾಟಲ್‌ನಲ್ಲಿ, ನಡುವೆ ಸುಮಾರು 1,800 ಕಿ.ಮೀ. ಜಿಮ್ಮಿ ಬೀಟ್, ಕೀಬೋರ್ಡ್ ರೆಕಾರ್ಡ್ ಮಾಡಿ ಅಂಚೆಗೆ ಹಾಕೋದು. ಬೆನ್ ಅದನ್ನ ಕತ್ತರಿಸಿ, ಜೋಡಿಸಿ, ಸಾಹಿತ್ಯ, ದನಿ, ಗಿಟಾರ್ ಸೇರಿಸಿ ವಾಪಸ್ ಕಳಿಸೋದು. ಗಿಟ್ ಹುಟ್ಟುವ ಮೊದಲಿನ ಪುಲ್ ರಿಕ್ವೆಸ್ಟ್ ಅನ್ನಿ. ರೈಲೋ ಕೈಲಿ ಬ್ಯಾಂಡಿನ ಜೆನ್ನಿ ಲೂಯಿಸ್ ದನಿಗೂಡಿಸಿದಳು. ಬ್ಯಾಂಡಿಗೆ ಹೆಸರು ಬಂದದ್ದೂ ಅಂಚೆಯಿಂದಲೇ. (ಅಮೆರಿಕದ ಅಂಚೆ ಇಲಾಖೆ ‘ಇದು ನಮ್ಮ ಟ್ರೇಡ್‌ಮಾರ್ಕ್’ ಅಂತ ನೋಟಿಸ್ ಕೊಟ್ಟಿತು. ಕೊನೆಗೆ ಒಪ್ಪಂದವಾಗಿ ಇಲಾಖೆಯ ವೆಬ್‌ಸೈಟಿನಲ್ಲೇ ಇವರ ಸಿಡಿ ಮಾರಾಟಕ್ಕೆ ಬಂತು!)

2003ರ ಫೆಬ್ರವರಿಯಲ್ಲಿ ‘ಗಿವ್ ಅಪ್’ ಬಂತು. ಸಬ್ ಪಾಪ್ ಕಂಪನಿಯ ಇತಿಹಾಸದಲ್ಲಿ ನಿರ್ವಾಣದ ‘ಬ್ಲೀಚ್’ ಬಿಟ್ಟರೆ ಇದಕ್ಕಿಂತ ಹೆಚ್ಚು ಮಾರಾಟವಾದ ಆಲ್ಬಮ್ ಇಲ್ಲ. ನಮಗೆ ಮುಖ್ಯ ಅನ್ನಿಸೋದು ಮಾರಾಟಕ್ಕಿಂತ ಆ ವರ್ಷದ ಅಕ್ಟೋಬರ್. ಆ ತಿಂಗಳು ಡೆತ್ ಕ್ಯಾಬ್‌ನ ‘ಟ್ರಾನ್ಸ್‌ಅಟ್ಲಾಂಟಿಸಿಸಮ್’ ಬಿಡುಗಡೆಯಾಯಿತು. ಅದೂ ಅವರ ಅತ್ಯುತ್ತಮ ಕೆಲಸಗಳಲ್ಲಿ ಒಂದು. ಅಂದರೆ ಗಿಬ್ಬರ್ಡ್ ತನ್ನ ಬ್ಯಾಂಡನ್ನ ಖಾಲಿ ಮಾಡಿ ಇಲ್ಲಿಗೆ ಬರಲಿಲ್ಲ. ಅಲ್ಲಿ ಹೊಂದದ ಹಾಡು ಇಲ್ಲಿ ಹೊಂದಿತು, ಅಷ್ಟೇ.

ಒಂದೇ ರೂಮಲ್ಲಿ ಕೂತು ನುಡಿಸದಿದ್ದರೆ ಅದೆಂಥ ಬ್ಯಾಂಡು ಅಂತ ಕೇಳೋರಿದ್ದಾರೆ. ಸ್ಟೇಜಿನ ಮಟ್ಟಿಗೆ ಅದು ನ್ಯಾಯವಾದ ಪ್ರಶ್ನೆ. ತಾಳ ಕೂಡಬೇಕಾದರೆ ಜೊತೆಗೆ ಬೆವರಲೇಬೇಕು. ಆದರೆ ಹಾಡು ಕಟ್ಟುವಾಗ ಈ ದೂರ ಉಪಕಾರವನ್ನೇ ಮಾಡಿದೆ ಅಂತ ನಮಗನ್ನಿಸುತ್ತೆ. ಪಾರ್ಸೆಲ್ ಕೈಗೆ ಬಂದಾಗ ಪಕ್ಕದಲ್ಲಿ ವಾದ ಮಾಡೋರು ಯಾರೂ ಇಲ್ಲ. ಪೂರ್ತಿ ಕೇಳಬೇಕು, ಆಮೇಲೆ ಕೈ ಹಾಕಬೇಕು. ನಮ್ಮ ಜ್ಯಾಮ್ ರೂಮಿನಲ್ಲಿ ಐದು ಜನ ‘ಸ್ಟಾರ್’ಗಳು ಸೇರಿದರೆ ಮೊದಲ ಅರ್ಧ ಗಂಟೆ ಹೋಗೋದೇ ಯಾರ ಆಂಪ್ಲಿಫೈಯರ್ ಎಷ್ಟು ಜೋರು ಅನ್ನೋದರಲ್ಲಿ.

ಎರಡನೇ ಆಲ್ಬಮ್ ಇವತ್ತಿಗೂ ಬಂದಿಲ್ಲ. ಅಭಿಮಾನಿಗಳಿಗೆ ಇದು ಬೇಜಾರು, ನಮಗಲ್ಲ. 2023ರಲ್ಲಿ ಎರಡೂ ಆಲ್ಬಮ್ಮುಗಳಿಗೆ 20 ವರ್ಷ ತುಂಬಿದಾಗ ಎರಡೂ ಬ್ಯಾಂಡುಗಳು ಒಟ್ಟಿಗೆ ಟೂರ್ ಹೊರಟವು. ಒಂದೇ ಸಂಜೆ ಗಿಬ್ಬರ್ಡ್ ಎರಡರಲ್ಲೂ ಹಾಡಿದ. ಮೂಲ ಬ್ಯಾಂಡ್ ಒಡೆದಿದ್ದರೆ ಆ ಸಂಜೆ ಇರುತ್ತಿರಲಿಲ್ಲ.

ಹಾಗಾಗಿ ಫೆಸ್ಟ್ ಕಮಿಟಿಗೆ ನಮ್ಮದೊಂದು ಮನವಿ. ಬ್ರಾಂಚ್ ಬ್ಯಾಂಡುಗಳ ಸ್ಲಾಟ್ ಕಿತ್ತು ‘ಕಾಲೇಜ್ ಟೀಮ್’ಗೆ ಕೊಡಬೇಡಿ. ಬೇರೆ ಬೇರೆ ಬ್ಯಾಂಡಿನ ಇಬ್ಬರು ಕೈಗೂಡಿಸಿ ಸ್ವಂತ ಹಾಡು ತಂದರೆ ಅವರಿಗೆ ಹತ್ತು ನಿಮಿಷ ಹೆಚ್ಚಿಗೆ ಕೊಡಿ. ರೂಮ್ ನಂಬರ್ ಗೊತ್ತಿದ್ದರೆ ಸಾಕು, ಪೆನ್‌ಡ್ರೈವ್ ಒಂದು ಹಾಸ್ಟೆಲ್ ಬ್ಲಾಕಿಂದ ಇನ್ನೊಂದಕ್ಕೆ ಸ್ಟ್ಯಾಂಪ್ ಇಲ್ಲದೇ ಹೋಗುತ್ತೆ.