ಕ್ಯಾಮೆರಾ ಹಿಡಿದವರ ಕ್ರೌರ್ಯ

ಸಹೋದರಿಯರೇ, ಈ ಚಿತ್ರವನ್ನು ನೋಡಿರೆಂದು ನಾನು ಹೇಳಲಾರೆ. ಅದರ ಕಥೆ ಮಾತ್ರ ನಿಮಗೆ ತಿಳಿದಿರಲಿ.

1980ರಲ್ಲಿ ಇಟಲಿಯ ನಿರ್ದೇಶಕ ರುಜೆರೊ ದೆಯೊದಾತೊ ‘ಕ್ಯಾನಿಬಲ್ ಹೊಲೊಕಾಸ್ಟ್’ ಎಂಬ ಚಿತ್ರ ಮಾಡಿದರು. ಅಮೆಝಾನ್ ಕಾಡಿಗೆ ಸಾಕ್ಷ್ಯಚಿತ್ರ ತೆಗೆಯಲು ಹೋದ ನಾಲ್ವರು ಅಮೆರಿಕನ್ನರು ಕಾಣೆಯಾಗುತ್ತಾರೆ. ಹುಡುಕಿ ಹೋದ ಪ್ರೊಫೆಸರರು ಅವರ ಫಿಲ್ಮ್ ಸುರುಳಿಗಳನ್ನು ತರುತ್ತಾರೆ. ಟಿ.ವಿ. ಕಂಪೆನಿಗೋ ಪ್ರಸಾರದ ಆತುರ. ಆದರೆ ಸುರುಳಿಗಳಲ್ಲಿ ಇದ್ದುದೇನು? ಕಾಡಿನ ಜನರನ್ನು ಗುಡಿಸಲಿಗೆ ಅಟ್ಟಿ ಬೆಂಕಿ ಹಚ್ಚಿದವರು ಆ ನಾಲ್ವರೇ! ಅದನ್ನು ಬುಡಕಟ್ಟುಗಳ ಕಾಳಗವೆಂದು ಜಗತ್ತಿಗೆ ತೋರಿಸುವುದು ಅವರ ಹಂಚಿಕೆ.

ಆಗ ಇಟಲಿಯಲ್ಲಿ ರೆಡ್ ಬ್ರಿಗೇಡ್ಸ್ ಉಗ್ರರ ಹಾವಳಿಯಿತ್ತು. 1978ರಲ್ಲಿ ಮಾಜಿ ಪ್ರಧಾನಿ ಆಲ್ಡೊ ಮೊರೊ ಅವರ ಕೊಲೆಯೂ ಆಯಿತು. ವಾರ್ತೆಗಳಲ್ಲಿ ರಕ್ತಪಾತ ತೋರಿಸುತ್ತಿದ್ದ ರೀತಿಯೇ ಈ ಕಥೆಗೆ ಪ್ರೇರಣೆಯೆಂದು ದೆಯೊದಾತೊ ಹೇಳಿಕೊಂಡಿದ್ದರು. ಮಾತೇನೋ ಸರಿ. ಆದರೆ ಅವರು ಮಾಡಿದ್ದೇನು? ಕ್ಯಾಮೆರಾದ ಮುಂದೆ ಆಮೆ, ಕೋತಿಗಳನ್ನು ನಿಜವಾಗಿಯೇ ಕೊಲ್ಲಿಸಿದರು. ಸುರುಳಿಗಳು ಅಸಲಿಯೆಂದು ಜನ ನಂಬಲೆಂದು ನಟರು ಒಂದು ವರ್ಷ ಎಲ್ಲಿಯೂ ಕಾಣಿಸಿಕೊಳ್ಳಬಾರದೆಂದು ಕರಾರು ಮಾಡಿಸಿಕೊಂಡರು. ಕೊನೆಗೆ ಕೊಲೆಯ ಆರೋಪವೇ ಬಂದಾಗ ನಟರು ಜೀವಂತವಾಗಿದ್ದಾರೆಂದು ತೋರಿಸಿಕೊಡಬೇಕಾಯಿತು. (ಸುಳ್ಳು ಅಷ್ಟು ಚೆನ್ನಾಗಿ ಮಾರಾಟವಾಗಿತ್ತು!)

ನನಗೆ ಹೆಚ್ಚು ನೋವಾದದ್ದು ಇನ್ನೊಂದಕ್ಕೆ. ಚಿತ್ರದ ನರಭಕ್ಷಕರಿಗೆ ಇಟ್ಟ ಹೆಸರು ಕಲ್ಪಿತವಲ್ಲ, ಯಾನೊಮಾಮೊ. ಬ್ರೆಜಿಲ್ ಮತ್ತು ವೆನೆಝುವೆಲಾದ ಕಾಡುಗಳಲ್ಲಿ ಇಂದಿಗೂ ಮಕ್ಕಳುಮರಿಗಳೊಂದಿಗೆ ಬದುಕುತ್ತಿರುವ ಜನಾಂಗವದು. ಕ್ಯಾಮೆರಾದವರ ವಂಚನೆಯನ್ನು ಬಯಲಿಗೆಳೆದ ಚಿತ್ರ, ಈ ಜನರ ಮೇಲೆ ತಾನೇ ಹೊರಿಸಿದ ಸುಳ್ಳನ್ನು ಹಾಗೆಯೇ ಬಿಟ್ಟುಬಿಟ್ಟಿತು.