ಶಂಕರ್‌ನಾಗ್ ಅಂದರೆ ಬರೀ ಆಟೋರಾಜನೇ?

ನಮ್ಮ ಮೇಗರವಳ್ಳಿ ದಾಟಿ ಆಗುಂಬೆಗೆ ಹೋಗುವ ಪ್ರವಾಸಿಗರಲ್ಲಿ ಹಲವರು ಕೇಳುವುದು ದೊಡ್ಡಮನೆಯ ದಾರಿ. ‘ಮಾಲ್ಗುಡಿ ಡೇಸ್’ ಚಿತ್ರೀಕರಣವಾದ ಮನೆ ಅದು. ಅತ್ತ ಅರಸಾಳು ರೈಲು ನಿಲ್ದಾಣದಲ್ಲಿ ಮಾಲ್ಗುಡಿ ಮ್ಯೂಸಿಯಂ ಆಗಿದೆ. ಬಂದವರು ಜಗುಲಿಯಲ್ಲಿ ಕೂತು ಫೋಟೊ ತೆಗೆಸಿಕೊಳ್ಳುತ್ತಾರೆ, ‘ಶಂಕರಣ್ಣ ಇದ್ದಿದ್ದರೆ’ ಎಂದು ನಿಟ್ಟುಸಿರು ಬಿಡುತ್ತಾರೆ. ಈ ‘ಇದ್ದಿದ್ದರೆ’ಯ ಮೇಲೇ ನನ್ನ ತಕರಾರು. ಇದ್ದಾಗ ಆತ ಮಾಡಿದ್ದನ್ನೇ ನಾವು ಇನ್ನೂ ಸರಿಯಾಗಿ ನೋಡಿಲ್ಲ.

ನಾವು ಬರೆಯುವ ಶಂಕರ್‌ನಾಗ್ ಚರಿತ್ರೆ 1978ರ ‘ಒಂದಾನೊಂದು ಕಾಲದಲ್ಲಿ’ಯಿಂದ ಶುರುವಾಗುತ್ತದೆ. ಮುಂದಿನ ವರ್ಷದ ಅಂತಾರಾಷ್ಟ್ರೀಯ ಚಿತ್ರೋತ್ಸವದ ನಟ ಪ್ರಶಸ್ತಿ, 1980ರ ‘ಆಟೋರಾಜ’, ‘ಮಿಂಚಿನ ಓಟ’, ಕೊನೆಗೆ 1990ರ ಸೆಪ್ಟೆಂಬರ್ 30ರ ಆನಗೋಡು. ಆಯಿತು, ಮುಗಿಯಿತು. ರಂಗಭೂಮಿಗೆ ಸಿಗುವುದು ಒಂದು ಸಾಲು: ‘ನಾಟಕದಲ್ಲೂ ಆಸಕ್ತಿ ಇತ್ತು.’

ಆಸಕ್ತಿಯಂತೆ! ಮುಂಬೈಯ ಮರಾಠಿ ರಂಗಭೂಮಿಯಲ್ಲಿ ಪಳಗಿದ ಮನುಷ್ಯ ಆತ. ಬೆಂಗಳೂರಿಗೆ ಬಂದು ಸಿನಿಮಾದಲ್ಲಿ ಪುರುಸೊತ್ತಿಲ್ಲದ ಕಾಲದಲ್ಲೇ ಅರುಂಧತಿಯವರ ಜತೆ ‘ಸಂಕೇತ್’ ತಂಡ ಕಟ್ಟಿ ‘ಅಂಜುಮಲ್ಲಿಗೆ’, ‘ನಾಗಮಂಡಲ’ ಆಡಿಸಿದರು. ‘ನೋಡಿ ಸ್ವಾಮಿ ನಾವಿರೋದು ಹೀಗೆ’ಯನ್ನು ನಾಟಕವಾಗಿಯೂ ಸಿನಿಮಾವಾಗಿಯೂ ಮಾಡಿದರು. ಮಾಲ್ಗುಡಿಯನ್ನೇ ನೋಡಿ: ಗಿರೀಶ ಕಾರ್ನಾಡ, ವೈಶಾಲಿ ಕಾಸರವಳ್ಳಿ, ರಮೇಶ್ ಭಟ್, ಎಲ್ಲರೂ ರಂಗದ ನಂಟಿನವರು. ಆ ಧಾರಾವಾಹಿಯಲ್ಲಿ ಯಾರೂ ಕ್ಯಾಮೆರಾಕ್ಕಾಗಿ ನಟಿಸುತ್ತಿಲ್ಲ ಅನ್ನಿಸುವುದು ಆಗುಂಬೆಯ ಮಳೆಯಿಂದಲ್ಲ, ಒಟ್ಟಿಗೆ ತಾಲೀಮು ಮಾಡಿ ಗೊತ್ತಿದ್ದವರ ರೂಢಿಯಿಂದ. ಕೊನೆಯ ಪ್ರಯಾಣವೂ ಕಂಬಾರರ ನಾಟಕ ಆಧರಿಸಿದ ‘ಜೋಕುಮಾರಸ್ವಾಮಿ’ಯ ಚಿತ್ರೀಕರಣಕ್ಕೆ.

‘ನಾಟಕ ಏಣಿ, ಸಿನಿಮಾ ಅಟ್ಟ’ ಎಂಬುದು ನಮ್ಮ ಸೋಮಾರಿ ಲೆಕ್ಕ. ಬ್ರಿಟನ್ನಿನ ಲಾರೆನ್ಸ್ ಒಲಿವಿಯರ್ ಆಸ್ಕರ್ ಪಡೆದ ನಟ. ಆದರೂ ಆತನ ಚರಿತ್ರೆ ಬರೆಯುವವರು ಓಲ್ಡ್ ವಿಕ್ ರಂಗಮಂದಿರವನ್ನೂ, 1963ರಲ್ಲಿ ನ್ಯಾಷನಲ್ ಥಿಯೇಟರಿನ ಮೊದಲ ನಿರ್ದೇಶಕನಾದದ್ದನ್ನೂ ಅಡಿಟಿಪ್ಪಣಿಗೆ ತಳ್ಳುವುದಿಲ್ಲ. ನಮ್ಮಲ್ಲೂ 2004ರಲ್ಲಿ ‘ರಂಗಶಂಕರ’ ಬಾಗಿಲು ತೆರೆಯಿತು, ಸರಿ. ಹೆಸರು ಉಳಿಯಿತು. ಕೆಲಸದ ವಿವರ?

ಸಂಶೋಧಕರಾದ ನಮ್ಮದೂ ತಪ್ಪಿದೆ ಎಂದು ಯಾರಾದರೂ ಅಂದರೆ ನಾನು ಜಗಳಕ್ಕೆ ಹೋಗುವುದಿಲ್ಲ, ಆದರೆ ವಿಶ್ವವಿದ್ಯಾಲಯಗಳ ವಿಚಾರ ಸಂಕಿರಣದಲ್ಲಿ ‘ನಟನ ಸಾಧನೆ’ ಅಂದರೆ ಚಿತ್ರಗಳ ಪಟ್ಟಿಯೇ. ಸಿನಿಮಾ ಪಟ್ಟಿ ಮೊಬೈಲಿನಲ್ಲೇ ಸಿಗುತ್ತದೆ, ಅದಕ್ಕೆ ಪಿಎಚ್.ಡಿ. ಯಾಕೆ? ‘ನಾಗಮಂಡಲ’ದ ತಾಲೀಮು ಹೇಗೆ ನಡೆಯಿತು, ಹಾವಿನ ದೃಶ್ಯಕ್ಕೆ ಬೆಳಕು ಹೇಗೆ ಬಿತ್ತು ಎಂದು ಕೇಳಬೇಕಾದವರನ್ನು ಕೇಳಬೇಕು. ಅವರೋ ಅರವತ್ತು, ಎಪ್ಪತ್ತು ದಾಟುತ್ತಿದ್ದಾರೆ. ನವೆಂಬರ್ 9, ಶಂಕರ್‌ನಾಗ್ ಹುಟ್ಟಿದ ದಿನ. ಆಟೋ ಮೆರವಣಿಗೆ ಬೇಕಾದರೆ ಮರುದಿನ ಇಟ್ಟುಕೊಳ್ಳಿ. ಆವತ್ತು ರೆಕಾರ್ಡರ್ ಹಿಡಿದು ಅವರ ಮನೆ ಬಾಗಿಲು ತಟ್ಟೋಣ.