ಬೆಟ್ಟವೇರುವ ಹಿರಿಯರೂ ಹುರಿದುಂಬಿಸುವ ಮಕ್ಕಳೂ

ಹಿಮಾಲಯದ ಚಾರಣವೋ ಕೈಲಾಸ ಯಾತ್ರೆಯೋ ನಿಶ್ಚಯವಾಯಿತೆಂದರೆ, ಹೊರಡುವವರಿಗಿಂತ ಮನೆಯ ಶಾಲಾಮಕ್ಕಳ ಉತ್ಸಾಹವೇ ಹೆಚ್ಚು. ಶಿಖರದ ಮೇಲೆ ಅಪ್ಪನನ್ನೋ ಅಜ್ಜಿಯನ್ನೋ ನಿಲ್ಲಿಸಿ, ಕೈಗೊಂದು ಬಾವುಟ ಕೊಟ್ಟು ಚಿತ್ರ ಬರೆಯುತ್ತಾರೆ. ಐವತ್ತು ದಾಟಿದವರಿಗೆ ಅದು ಯಾವ ಟಾನಿಕ್ಕಿಗೂ ಕಡಿಮೆಯಲ್ಲ. ಆದರೆ ಆ ಚಿತ್ರಗಳಲ್ಲಿ ಇಳಿಯುವ ದಾರಿ ಮಾತ್ರ ಇರುವುದಿಲ್ಲ. ನನ್ನ ಆಕ್ಷೇಪವಿರುವುದು ಅಲ್ಲಿಯೇ.

ಮಕ್ಕಳಿಗೆ ಬೆಟ್ಟದ ಬಗೆಗೆ ಏನು ತಿಳಿದೀತು ಎಂದು ಈ ಸೀಮೆಯಲ್ಲಿ ಯಾರೂ ಕೇಳುವಂತಿಲ್ಲ. ನಿಜಾಮಾಬಾದ್ ಜಿಲ್ಲೆಯ ಮಾಲಾವತ್ ಪೂರ್ಣಾ 2014ರ ಮೇ 25ರಂದು ಎವರೆಸ್ಟ್ ಏರಿದಾಗ ಆಕೆಗೆ ಇನ್ನೂ ಹದಿನಾಲ್ಕು ತುಂಬಿರಲಿಲ್ಲ. ಸಮಾಜ ಕಲ್ಯಾಣ ಇಲಾಖೆಯ ವಸತಿಶಾಲೆಯ ಈ ವಿದ್ಯಾರ್ಥಿನಿಯ ಮೊದಲ ಪಾಠ ನಡೆದದ್ದು ಭುವನಗಿರಿಯ ಏಕಶಿಲಾ ಬೆಟ್ಟದಲ್ಲಿ. (ಆ ದುರ್ಗ ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನದೆಂಬುದು ಪ್ರಸಿದ್ಧ. ಅವನ ತಾತ ಜಯಸಿಂಹನ ನೆಲೆವೀಡಾಗಿದ್ದ ಪೊಟ್ಟಳಕೆರೆಯೇ ನಮ್ಮ ಪಟಾನ್‌ಚೆರು ಎಂದು ಇತಿಹಾಸಜ್ಞರು ಗುರುತಿಸುತ್ತಾರೆ. ಕನ್ನಡಿಗರು ಇಲ್ಲಿ ನಿನ್ನೆ ಮೊನ್ನೆ ಬಂದವರಲ್ಲ!) ಭುವನಗಿರಿಯಾದ ಮೇಲೆ ಡಾರ್ಜಿಲಿಂಗ್, ಆಮೇಲೆ ಲಡಾಖ್, ಹೀಗೆ ತಿಂಗಳುಗಟ್ಟಲೆ ಅಭ್ಯಾಸ ನಡೆಯಿತು. ಪತ್ರಿಕೆಯ ಭಾವಚಿತ್ರದಲ್ಲಿ ಆ ತಿಂಗಳುಗಳು ಕಾಣುವುದಿಲ್ಲ.

ಪಟಾನ್‌ಚೆರು ಸಮುದ್ರಮಟ್ಟದಿಂದ ಸುಮಾರು 545 ಮೀಟರ್ ಎತ್ತರದಲ್ಲಿದೆ. ಕೈಲಾಸ ಪರಿಕ್ರಮದ ಡೋಲ್ಮಾ ಘಾಟಿ 5,600 ಮೀಟರನ್ನೂ ಮೀರಿದ್ದು. ಅಲ್ಲಿ ಒಂದೊಂದು ಉಸಿರಿಗೂ ದೊರೆಯುವ ಆಮ್ಲಜನಕ ಸಮುದ್ರತೀರದಲ್ಲಿ ದೊರೆಯುವುದರ ಅರ್ಧದಷ್ಟು. ಇಲ್ಲಿ ಮಹಡಿಯ ಮೆಟ್ಟಿಲು ಹತ್ತಿಳಿದರೆ ಕಾಲುಗಳೂ ಹೃದಯವೂ ಬಲಗೊಳ್ಳುವುದು ನಿಜ. ಆದರೆ ವಿರಳವಾದ ಗಾಳಿಗೆ ದೇಹ ಒಗ್ಗುವುದು ಎತ್ತರದಲ್ಲಿಯೇ, ನಿಧಾನವಾಗಿ. ಆದುದರಿಂದ 3,000 ಮೀಟರ್ ದಾಟಿದ ಮೇಲೆ ಮಲಗುವ ತಾಣವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದೆಂದೂ ಮೂರು ನಾಲ್ಕು ದಿನಗಳಿಗೊಮ್ಮೆ ವಿಶ್ರಮಿಸಬೇಕೆಂದೂ ವೈದ್ಯರು ವಿಧಿಸುತ್ತಾರೆ. ತಲೆನೋವು, ವಾಕರಿಕೆ, ತಲೆಸುತ್ತು ತೋರಿದರೆ ಮೇಲೇರುವುದನ್ನು ನಿಲ್ಲಿಸಬೇಕು. ನಡಿಗೆ ತಡವರಿಸಿದರೆ, ಕುಳಿತಲ್ಲಿಯೂ ಏದುಸಿರು ಬಂದರೆ, ರಾತ್ರಿಯಾದರೂ ಸರಿ, ಕೂಡಲೇ ಕೆಳಗಿಳಿಯಬೇಕು. ಗಟ್ಟಿಮುಟ್ಟಾದವರಿಗೂ ಇದರಿಂದ ವಿನಾಯಿತಿಯಿಲ್ಲ. ಅವರು ಅವಸರಿಸುವುದರಿಂದ ಅಪಾಯ ಹೆಚ್ಚಲೂಬಹುದು.

ಹವೆಯೂ ನಂಬಿಕೆಗೆ ತಕ್ಕದ್ದಲ್ಲ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಮಾರ್ಗದಲ್ಲಿ ಬಹುಪಾಲು ಕರ್ನಾಟಕದವರೇ ಇದ್ದ ತಂಡವೊಂದು ಹಿಮಗಾಳಿಗೆ ಸಿಲುಕಿ, ಒಂಬತ್ತು ಮಂದಿ ಅಸುನೀಗಿದರು. ಅಗಲಿದವರನ್ನು ದೂಷಿಸಲು ಈ ಮಾತನ್ನು ಎತ್ತಿದ್ದಲ್ಲ. ಬೆಟ್ಟ ಯಾರ ಸಂಕಲ್ಪಕ್ಕೂ ಬದ್ಧವಲ್ಲವೆಂಬುದನ್ನು ಮಕ್ಕಳಿಗೂ ತಿಳಿಸಬೇಕು.

ಹಾಗಾದರೆ ಮಕ್ಕಳು ಸುಮ್ಮನಿರಬೇಕೆ? ಖಂಡಿತ ಬೇಡ. ಸಂಜೆಯ ನಡಿಗೆಗೆ ಅವರನ್ನು ಜೊತೆಗೆ ಕರೆದೊಯ್ಯಿರಿ. ಅವರ ಪ್ರಶ್ನೆಗಳಿಗೆ ಕೊನೆಯಿಲ್ಲ. ಪೂರ್ಣ ವಾಕ್ಯದಲ್ಲಿ ಉತ್ತರಿಸಲು ಸಾಧ್ಯವಾದರೆ ನಿಮ್ಮ ವೇಗ ಹದವಾಗಿದೆ. ಬರಿಯ ‘ಹ್ಞೂಂ’ ಹೊರಟರೆ ನಿಧಾನಿಸಿರಿ. ಇದಕ್ಕಿಂತ ಅಗ್ಗದ ಉಪಕರಣ ಯಾವ ಅಂಗಡಿಯಲ್ಲಿ ದೊರೆತೀತು? ಚೀಲದಲ್ಲಿಟ್ಟು ಕಳಿಸುವ ಶುಭಾಶಯದ ಚೀಟಿಯಲ್ಲಿ ‘ಗೆದ್ದು ಬಾ’ ಎಂಬುದರ ಕೆಳಗೆ ‘ತಲೆ ನೊಂದರೆ ತಿರುಗಿ ಬಾ’ ಎಂದೂ ಬರೆಯಿಸಿರಿ. ಏದುಸಿರು ಬಿಡುತ್ತಾ ಕುಳಿತ ತಂದೆಗೆ, ಮಗಳ ಅಕ್ಷರದಲ್ಲಿರುವ ಆ ಅಪ್ಪಣೆ ಮಾರ್ಗದರ್ಶಕನ ಮಾತಿಗಿಂತ ಬೇಗ ನಾಟೀತು.

ಲಿಪುಲೇಖ್ ಮಾರ್ಗದ ಕೈಲಾಸ ಯಾತ್ರಿಕರಿಗೆ ಗುಂಜಿಯಲ್ಲಿ ಮತ್ತೊಮ್ಮೆ ವೈದ್ಯಕೀಯ ತಪಾಸಣೆಯಾಗುತ್ತದೆ. ಅಲ್ಲಿಂದ ಹಿಂದಿರುಗಬೇಕಾದವರು ಊರಿಗೆ ಬಂದು ತಪ್ಪಿತಸ್ಥರಂತೆ ಮುಖ ಮರೆಸಿಕೊಳ್ಳುವುದುಂಟು. ನಮ್ಮ ಸಂಘ ಸಂಸ್ಥೆಗಳೂ ಶಾಲು ಹೊದಿಸುವುದು ಯಾತ್ರೆ ಪೂರೈಸಿದವರಿಗೆ ಮಾತ್ರ. ಮುಂದಿನ ರಾಜ್ಯೋತ್ಸವದಲ್ಲಿ ಅರ್ಧ ದಾರಿಯಿಂದ ಹಿಂದಿರುಗಿದವರನ್ನೂ ಅದೇ ವೇದಿಕೆಗೆ ಕರೆದು, ಅಂಥದೇ ಶಾಲನ್ನು ಶಾಲಾಮಕ್ಕಳ ಕೈಯಿಂದಲೇ ಹೊದಿಸುವುದನ್ನು ಕಾರ್ಯಕಾರಿ ಸಮಿತಿಯವರು ಪರಿಶೀಲಿಸಬೇಕಾಗಿ ಕೋರುತ್ತೇನೆ.